ಮಿಟ್ರೊಪಾ ಮಂಡಿ

ಹಂಗೇರಿಯ ತಾರ್ನಾಬಾನ್ಯ ಊರಿನ ಬಿಸಿನೀರಿನ ಕೊಳದಲ್ಲಿ ಎಲ್ಲರೂ ಸಮಾನರು. ಮೈಮೇಲೆ ಚಡ್ಡಿಯೊಂದನ್ನು ಬಿಟ್ಟು ಬೇರೇನೂ ಇಲ್ಲದ ಗಂಡಸರ ನಡುವೆ ದೊಡ್ಡವರು ಯಾರು, ಚಿಕ್ಕವರು ಯಾರು? ಆದರೂ ಕೊಳದ ಒಂದು ಮೂಲೆಯಲ್ಲಿ ಕಲ್ಲಿನ ಸಿಂಹದ ಬಾಯಿಂದ ಸುಡುನೀರು ಧಾರೆಯಾಗಿ ಬೀಳುವ ಜಾಗವೊಂದಿತ್ತು. ಅಲ್ಲಿ ಕೂರಲು ಯೋಗ್ಯತೆ ಬೇಕಾಗಿತ್ತು. ಬಹುಕಾಲ ಅಲ್ಲಿ ಕೂರುತ್ತಿದ್ದ ನಿವೃತ್ತ ನ್ಯಾಯಾಧೀಶರು ಆ ವಸಂತದಲ್ಲಿ ಮಗಳ ಊರಿಗೆ ಹೊರಟುಹೋದ ಮೇಲೆ ಸ್ಥಾನ ತೆರವಾಯಿತು. ಯಾರೂ ಕೂರುವ ಧೈರ್ಯ ಮಾಡಲಿಲ್ಲ. ಬಿಸಿನೀರು ಸುಮ್ಮನೆ ಬಿದ್ದು ಹಾಳಾಗುತ್ತಿತ್ತು.

ಬೊಗ್ನಾರ್ ದೆಜೊ ಆ ಸ್ಥಾನದ ಮೇಲೆ ಕಣ್ಣಿಟ್ಟವನಲ್ಲ. ಕಲ್ಲಿದ್ದಲು ಗಣಿಯ ದೀಪದ ಕೋಣೆಯಲ್ಲಿ ಕೂತು, ಒಳಗೆ ಇಳಿಯುವವರಿಗೆ ದೀಪ ಕೊಟ್ಟು, ಮೇಲೆ ಬಂದವರಿಂದ ದೀಪ ಇಸಿದುಕೊಂಡು, ಗಣಿ ಮುಚ್ಚಿದ ದಿನ ಕೊನೆಯ ದೀಪವನ್ನು ತಾನೇ ಆರಿಸಿ ಮನೆಗೆ ಬಂದ ಮನುಷ್ಯ. ಊರಿನಲ್ಲಿ ಅವನ ಹೆಸರು ಗೊತ್ತಿದ್ದವರಿಗಿಂತ ಅವನ ಕುಂಟು ಗೊತ್ತಿದ್ದವರು ಹೆಚ್ಚು. ಅವನ ಎಡಮಂಡಿ ಮಳೆಗೆ ಮುಂಚೆ ನೋಯುತ್ತಿತ್ತು, ಮಳೆ ಬಂದಾಗ ನೋಯುತ್ತಿತ್ತು, ಮಳೆ ನಿಂತರೆ ಯಾಕೆ ನಿಂತಿತು ಎಂದು ನೋಯುತ್ತಿತ್ತು.

ಆ ದಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಜಗಳವಾಡುತ್ತಿದ್ದವರು ಇಬ್ಬರು: ನಿವೃತ್ತ ಅಂಚೆಯವ ಶಿಪೋಷ್, ಮತ್ತು ಮಾಂಸದ ಅಂಗಡಿಯ ಗಲಾಂಬೊಷ್. ವಿಷಯ ಮಿಟ್ರೊಪಾ ಕಪ್. ಮಧ್ಯ ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳೆಲ್ಲ ಒಂದು ಕಾಲದಲ್ಲಿ ಊಟನಿದ್ದೆ ಬಿಟ್ಟು ಆಡುತ್ತಿದ್ದ ಈ ಪಂದ್ಯಾವಳಿ, ಕೊನೆಕೊನೆಗೆ ನೋಡಲು ಜನರೇ ಬಾರದೆ ಸದ್ದಿಲ್ಲದೆ ಕಣ್ಣುಮುಚ್ಚಿತ್ತು. ಅದು ಜೀವಂತವಿದ್ದಾಗ ತಾರ್ನಾಬಾನ್ಯದ ಗಣಿ ಕ್ಲಬ್ಬೂ ಒಮ್ಮೆ ಅದರಲ್ಲಿ ಆಡಿತ್ತು. ಊರಿಗೆ ಅದೊಂದೇ ಹೆಮ್ಮೆ.

"ಆಡಿತ್ತು ನಿಜ. ಆದ್ರೆ ಮಿಟ್ರೊಪಾದಲ್ಲಿ ಹೆಚ್ಚು ಗೋಲು ಹೊಡೆದವರ ಸಾಲಲ್ಲಿ ನಮ್ಮೂರಿನವನು ಒಬ್ಬನಾದ್ರೂ ಇದಾನೇನಯ್ಯಾ?" ಎಂದ ಶಿಪೋಷ್.

"ಇರ್ತಾನೆ! ಇಲ್ದೆ ಎಲ್ಲಿ ಹೋಗ್ತಾನೆ?" ಎಂದು ಗಲಾಂಬೊಷ್ ನೀರಿಗೆ ಗುದ್ದಿದ. ನೀರು ದೆಜೊನ ಮುಖಕ್ಕೆ ಹಾರಿತು. ಸಮಾಧಾನ ಮಾಡಲೆಂದು ಗಲಾಂಬೊಷ್ ಕೇಳಿದ, "ಅಂದಹಾಗೆ ದೆಜೊ, ನಿನ್ನ ಮಂಡಿಗೆ ಏನಾಗಿದ್ದು ಮಾರಾಯಾ?"

ಕಣ್ಣೊರೆಸಿಕೊಳ್ಳುತ್ತ ದೆಜೊ ಹೇಳಿದ, "ಇದಾ? ಇದು ಮಿಟ್ರೊಪಾ ಕಪ್‌ನಲ್ಲಿ ಮುರೀತು."

ಇಬ್ಬರೂ ಜಗಳ ಬಿಟ್ಟು ನೀರು ಸೀಳಿಕೊಂಡು ಅವನ ಕಡೆ ಬಂದರು.

ಇದು ಸುಳ್ಳಲ್ಲ ಎಂಬುದನ್ನು ದೆಜೊನ ಪರವಾಗಿ ಇಲ್ಲಿಯೇ ಹೇಳಿಬಿಡಬೇಕು. ಮಂಡಿ ಮುರಿದದ್ದು ಮಿಟ್ರೊಪಾ ಪಂದ್ಯದ ದಿನವೇ. ಟಿಕೆಟ್ಟು ಸಿಗದೆ, ಮೈದಾನದ ಗೋಡೆಯಾಚೆಯ ಅಕ್ರೋಟು ಮರ ಹತ್ತಿ ಆಟ ನೋಡುತ್ತಿದ್ದ ಇಪ್ಪತ್ತರ ತರುಣ ದೆಜೊ, ಉತ್ಸಾಹ ಮಿತಿಮೀರಿ ಕೊಂಬೆಯ ಸಮೇತ ಕೆಳಗೆ ಬಿದ್ದಿದ್ದ. ಇಷ್ಟನ್ನೂ ಹೇಳಬೇಕೆಂದು ಅವನು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಶಿಪೋಷ್ ಅವನ ಬಲತೋಳನ್ನೂ ಗಲಾಂಬೊಷ್ ಎಡತೋಳನ್ನೂ ಹಿಡಿದಿದ್ದರು.

"ಇಷ್ಟು ದಿನ ಒಂದು ಮಾತು ಹೇಳ್ಲಿಲ್ವಲ್ಲಯ್ಯಾ! ಎಂಥಾ ದೊಡ್ಡ ಮನಸ್ಸು!" ಎಂದು ಶಿಪೋಷ್ ಹಿಡಿದ ತೋಳನ್ನು ಕುಲುಕಿದ.

"ಗೊತ್ತಿತ್ತು ನಂಗೆ! ನಡಿಗೆ ನೋಡಿದ್ರೇ ಗೊತ್ತಾಗಲ್ವಾ?" ಎಂದ ಗಲಾಂಬೊಷ್. ಕುಂಟು ನಡಿಗೆಯಲ್ಲಿ ಅವನಿಗೆ ಏನು ಗೊತ್ತಾಗಿತ್ತೋ ದೇವರೇ ಬಲ್ಲ.

ಇಬ್ಬರೂ ಅವನನ್ನು ಮದುಮಗನಂತೆ ನಡೆಸಿಕೊಂಡು ಹೋಗಿ ಸಿಂಹದ ಬಾಯಿಯ ಕೆಳಗೆ ಕೂರಿಸಿದರು. ಸುಡುನೀರು ಮಂಡಿಯ ಮೇಲೆ ಬಿದ್ದಿತು. ಆಹಾ! ಎಷ್ಟೋ ವರ್ಷದ ನೋವು ಬೆಣ್ಣೆಯಂತೆ ಕರಗಿತು. ಅಕ್ರೋಟು ಮರದ ವಿಷಯ ನಾಳೆ ಹೇಳಿದರಾಯಿತು ಎಂದು ದೆಜೊ ಕಣ್ಣುಮುಚ್ಚಿದ.

ನಾಳೆ ಬರುವಷ್ಟರಲ್ಲಿ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ನಿವೃತ್ತನಾದ ಮೇಲೆ ಶಿಪೋಷ್‌ಗೆ ಹಂಚಲು ಕಾಗದಗಳಿರಲಿಲ್ಲ. ಹಾಗಾಗಿ ಅವನು ಸುದ್ದಿಯನ್ನೇ ಮನೆಮನೆಗೆ ಹಂಚುತ್ತಿದ್ದ. ಕೊಳದಲ್ಲಿ ದೆಜೊ ಆಡಿದ್ದನಷ್ಟೆ. ರೊಟ್ಟಿ ಅಂಗಡಿಯ ಹೊತ್ತಿಗೆ ಒಂದು ಗೋಲು ಹೊಡೆದ. ಕ್ಷೌರದಂಗಡಿಯಲ್ಲಿ ಅವು ಮೂರಾದವು. ಚರ್ಚಿನ ಮೆಟ್ಟಿಲು ತಲುಪುವಾಗ ದೆಜೊ ಮಿಟ್ರೊಪಾ ಕಪ್ಪಿನ ಅಗ್ರ ಗೋಲುವೀರರಲ್ಲಿ ಒಬ್ಬನಾಗಿದ್ದ. ಇಟಲಿಯವರು ಹೊಟ್ಟೆಕಿಚ್ಚಿನಿಂದ ಅವನ ಹೆಸರನ್ನು ತಪ್ಪಾಗಿ ಬರೆದುಬಿಟ್ಟಿದ್ದರು, ಅಷ್ಟೇ.

ಮಧ್ಯಾಹ್ನ ಅವನ ಹೆಂಡತಿ ಪಿರೋಷ್ಕಾ ಮಾಂಸದ ಅಂಗಡಿಯಿಂದ ಬಂದವಳೇ ಚೀಲವನ್ನು ಮೇಜಿನ ಮೇಲೆ ಧಡಕ್ಕನೆ ಇಟ್ಟಳು.

"ಏನ್ರೀ ಇದು? ಗಲಾಂಬೊಷ್ ನಂಗೆ ನಲ್ಲಿಮೂಳೆ ಕೊಟ್ಟಿದಾನೆ. ದೊಡ್ಡದು. ಕೈಮುಗಿದು ಬೇರೆ ಕೊಟ್ಟ. ನೀವು ಆಸ್ಟ್ರಿಯಾದವರಿಗೆ ಏಳು ಗೋಲು ಹೊಡೆದ್ರಂತೆ?"

"ಏಳಾ?" ದೆಜೊ ಬೆಚ್ಚಿದ. "ಬೆಳಿಗ್ಗೆ ಮೂರಿತ್ತಲ್ಲೇ!"

ಗಣಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಆ ದಿನ ಆ ಮಂಡಿಗೆ ಪ್ಲಾಸ್ಟರ್ ಹಾಕಿದವಳೇ ಪಿರೋಷ್ಕಾ. ಮರದ ಎಲೆಗಳನ್ನು ಅವನ ಕೂದಲಿನಿಂದ ಆಯ್ದು ತೆಗೆದವಳೂ ಅವಳೇ. ಮದುವೆಯಾದದ್ದು ಅದೇ ಪರಿಚಯದ ಮೇಲೆ.

"ಈಗಲೇ ಹೋಗಿ ನಿಜ ಹೇಳಿ ಬನ್ನಿ," ಎಂದಳು. ಆಮೇಲೆ ಚೀಲದೊಳಗೆ ಇಣುಕಿದಳು. ಸ್ವಲ್ಪ ಹೊತ್ತು ಮೂಳೆಯನ್ನೇ ನೋಡಿದಳು. "ಸಾರು ಆದ್ಮೇಲೆ ಹೋಗಿ. ಮೂಳೆ ತಾಜಾ ಇದೆ."

ಸಾರು ಬಡಿಸಿಕೊಂಡು ಕೂತಾಗಲೇ ಬಾಗಿಲು ಬಡಿದದ್ದು ಮೇಯರ್ ವಾರ್ಕೊನಿ. ಕೈಯಲ್ಲಿ ಪ್ಲಮ್ ಹಣ್ಣಿನ ಸಾರಾಯಿ ಪಾಲಿಂಕಾದ ಬಾಟಲಿ. ಮೇಯರರದು ವಿಶಿಷ್ಟ ಶ್ರವಣಶಕ್ತಿ. ತಾವು ಮಾತಾಡುವಾಗ ಅವರಿಗೆ ಬೇರೆಯವರ ಮಾತು ಕೇಳಿಸುತ್ತಿರಲಿಲ್ಲ, ಮತ್ತು ಅವರು ಸದಾ ಮಾತಾಡುತ್ತಿದ್ದರು.

"ದೆಜೊ ಅಣ್ಣಾ, ದೇವರು ಸಿಕ್ಕ ಹಾಗೆ ಸಿಕ್ಕಿದೀಯ! ನಮ್ಮ ಗಣಿ ಮೈದಾನ ಗೊತ್ತಲ್ಲ, ಅದನ್ನ ಜಿಲ್ಲೆಯವರು ಮಾರಿಬಿಡ್ತಾರಂತೆ. ಅಂಗಡಿಯವರಿಗೆ. ಕಾರು ನಿಲ್ಲಿಸೋ ಜಾಗ ಮಾಡ್ತಾರಂತೆ! ನಮ್ಮ ಮಕ್ಕಳು ಚೆಂಡು ಒದೆಯೋದೆಲ್ಲಿ? ಕಾರಿನ ಅಡಿಯಲ್ಲಾ? ಮೈದಾನಕ್ಕೆ ಇತಿಹಾಸ ಇದ್ರೆ ತೋರಿಸಿ ಅಂದ್ರು ಜಿಲ್ಲಾ ಅಧಿಕಾರಿ. ಇತಿಹಾಸ ಎಲ್ಲಿಂದ ತರೋದಪ್ಪಾ ಅಂತ ಮೂರು ರಾತ್ರಿ ನಿದ್ದೆ ಇಲ್ಲ. ನೋಡಿದ್ರೆ ಇತಿಹಾಸ ಇಲ್ಲೇ ಕೂತು ಸಾರು ಕುಡೀತಾ ಇದೆ!"

"ಮೇಯರೇ, ನಾನು ಆಡಿದ್ದು ಅಂದ್ರೆ, ಅದು ಮರ..."

"ಮರೆತಿದೀಯ ಅಂತೀಯಾ? ಮರೆತ್ರೆ ಮರೆತೆ ಬಿಡು! ನೆನಪಿರೋರನ್ನ ಕರೆಸ್ತಾ ಇದೀನಿ. ವಿಯೆನ್ನಾದಿಂದ ಫ್ರಿಡೊಲಿನ್ ಹಾಸ್ಲಿಂಗರ್! ಆ ಪಂದ್ಯದಲ್ಲಿ ನಿಮ್ಮ ವಿರುದ್ಧ ಆಡಿದೋರು! ಇನ್ನೂ ಗಟ್ಟಿಮುಟ್ಟಾಗಿದಾರಂತೆ. ಭಾನುವಾರ ಅಧಿಕಾರಿಗಳ ಮುಂದೆ ನೀವಿಬ್ಬರೂ ತಬ್ಬಿಕೊಳ್ತೀರಿ. ಮೈದಾನ ಉಳೀತು!"

ದೆಜೊನ ಕೈಯಿಂದ ಚಮಚ ಬಿತ್ತು. ಅದನ್ನು ಮೇಯರರು ಆನಂದಾತಿರೇಕವೆಂದು ತಿಳಿದು, ಬಗ್ಗಿ ಅವನ ಎಡಮಂಡಿಗೆ ಮುತ್ತಿಟ್ಟು ಹೊರಟುಹೋದರು.

ಅಂದಿನಿಂದ ಭಾನುವಾರದವರೆಗೆ ದೆಜೊ ಹೇಳಿಬಿಡಲು ಮಾಡಿದ ಪ್ರಯತ್ನಗಳು ಒಂದೆರಡಲ್ಲ. ಪಾದ್ರಿಗಳ ಬಳಿ ಹೋದ. ಅವರು "ನಿಮ್ಮ ವಿನಯ ಎಲ್ಲರಿಗೂ ಮಾದರಿ" ಎಂದು ಅದನ್ನೇ ಉಪದೇಶದಲ್ಲಿ ಸೇರಿಸಿಬಿಟ್ಟರು. ಗಲಾಂಬೊಷ್ ಬಳಿ "ನಾನು ಆ ದಿನ ಮೈದಾನದೊಳಗೆ ಇರಲೇ ಇಲ್ಲ" ಎಂದ. "ನೋಡಿ, ಅಷ್ಟು ವೇಗವಾಗಿ ಓಡ್ತಿದ್ದ, ಕಣ್ಣಿಗೇ ಬೀಳ್ತಿರಲಿಲ್ಲ!" ಎಂದು ಗಲಾಂಬೊಷ್ ಅಂಗಡಿಯಲ್ಲಿದ್ದವರಿಗೆ ವಿವರಿಸಿದ.

ಎಲ್ಲಕ್ಕಿಂತ ಕಷ್ಟವಾದದ್ದು ಅತ್ತಿಗೆಯಿಂದ. ಪಿರೋಷ್ಕಾಳ ಅಕ್ಕ ಏಟೆಲ್ಕಾ ಪಕ್ಕದ ಪಟ್ಟಣದಲ್ಲಿ ಜರ್ಮನ್ ಭಾಷೆಯ ಮೇಡಂ. ತಂಗಿಯ ಮದುವೆಯ ದಿನದಿಂದಲೂ ದೆಜೊನನ್ನು ಅವಳು ನೋಡುತ್ತಿದ್ದದ್ದು ತಪ್ಪು ಉತ್ತರವನ್ನು ನೋಡುವ ಹಾಗೆ. ವಿಯೆನ್ನಾದ ಅತಿಥಿಯ ಮಾತನ್ನು ಹಂಗೇರಿಯನ್ನಿಗೆ ಹೇಳಲು ಮೇಯರರು ಅವಳನ್ನೇ ಗೊತ್ತುಮಾಡಿದ್ದರು. ಹೊಸ ಟೋಪಿ ಹಾಕಿಕೊಂಡು ಶನಿವಾರವೇ ಬಂದಿಳಿದಳು.

"ದೆಜೊ, ನಾನು ನಿನ್ನ ಬಗ್ಗೆ ಏನೇನೋ ಅಂದಿದೀನಿ. ಎಲ್ಲಾ ವಾಪಸ್ ತಗೊಂಡೆ," ಎಂದು ಅವನ ಕೆನ್ನೆಗೆ ಮುತ್ತಿಟ್ಟಳು. ಅವಳು ಅವನಿಗೆ ಮುತ್ತಿಟ್ಟದ್ದು ಅದೇ ಮೊದಲು.

"ಅತ್ತಿಗೆ, ಬೇಡ, ವಾಪಸ್ ತಗೋಬೇಡಿ. ಹಾಗೇ ಇರ್ಲಿ. ಬೇಕಾಗುತ್ತೆ," ಎಂದು ದೆಜೊ ಅಂಗಲಾಚಿದ.

ಭಾನುವಾರ ಬೆಳಿಗ್ಗೆ ಅವನು ಹಾಸಿಗೆ ಬಿಟ್ಟೇಳಲಿಲ್ಲ. ಜ್ವರವೆಂದ. ಪಿರೋಷ್ಕಾ ಹಣೆ ಮುಟ್ಟಿ ನೋಡಿ ಚಾದರ ಎಳೆದಳು.

"ನರ್ಸಿನ ಮುಂದೆ ಜ್ವರ ಅಂತೀರಾ? ಏಳಿ. ಮರ ಹತ್ತಿದೋರು ನೀವೇ ಅಲ್ವಾ? ಇಳಿಯೋದೂ ನೀವೇ ಇಳೀಬೇಕು."

ಮೈದಾನದಲ್ಲಿ ಊರಿಗೆ ಊರೇ ನೆರೆದಿತ್ತು. ಗಣಿಯವರ ಬ್ಯಾಂಡು ಹಳೆಯ ಸಮವಸ್ತ್ರದಲ್ಲಿ ಹೊಟ್ಟೆ ಬಿಗಿಹಿಡಿದು ಊದುತ್ತಿತ್ತು. ಲಾಂಗೋಷ್ ರೊಟ್ಟಿ ಕರಿಯುವ ಎಣ್ಣೆಯ ವಾಸನೆ ಗಾಳಿಗೆ ಹತ್ತಿತ್ತು. ವೇದಿಕೆಯ ಮೇಲೆ ಮೇಯರ್, ಮೂಗು ಸೋರುತ್ತ ಕರವಸ್ತ್ರದ ಹಿಂದೆ ಕುಳಿತ ಜಿಲ್ಲಾ ಅಧಿಕಾರಿ, ಟೋಪಿಯ ಕೆಳಗೆ ಏಟೆಲ್ಕಾ. ಅವಳ ಪಕ್ಕದಲ್ಲಿ ಫ್ರಿಡೊಲಿನ್ ಹಾಸ್ಲಿಂಗರ್: ಎತ್ತರದ ಮುದುಕ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ಕೆಂಪು ಕೆನ್ನೆ. ಅವನ ಎದುರು ದೆಜೊ, ಮದುವೆಯ ಕೋಟು ಹಾಕಿಕೊಂಡು, ಅದರೊಳಗೆ ಆದಷ್ಟು ಚಿಕ್ಕದಾಗಿ ಕೂತಿದ್ದ.

ಮೇಯರರು ಇತಿಹಾಸವನ್ನು ಹಿಗ್ಗಾಮುಗ್ಗಾ ಹೊಗಳಿ, ಕೊನೆಗೆ ಉಸಿರು ಸಾಲದೆ, ಮೈಕನ್ನು ಅತಿಥಿಗೆ ಕೊಟ್ಟರು. "ಮಾನ್ಯ ಹಾಸ್ಲಿಂಗರರೇ, ಆ ಪಂದ್ಯದಲ್ಲಿ ನಮ್ಮ ದೆಜೊ ಹೊಡೆದ ಗೋಲುಗಳ ಬಗ್ಗೆ ಎರಡು ಮಾತು!"

ಮುದುಕ ಎದ್ದ. ಜರ್ಮನ್ನಿನಲ್ಲಿ ಮಾತಾಡತೊಡಗಿದ. ಮಾತಾಡುತ್ತ ಮಾತಾಡುತ್ತ ಅವನ ಕೆನ್ನೆ ಇನ್ನೂ ಕೆಂಪಾಯಿತು. ಕೋಲೆತ್ತಿ ಗೋಲಿನ ಕಡೆ ತೋರಿಸಿದ, ಆಕಾಶ ತೋರಿಸಿದ, ಕೊನೆಗೆ ಎರಡೂ ಕೈಯಿಂದ ಗಾಳಿಯಲ್ಲಿ ಏನನ್ನೋ ಹಿಂಡಿದ. ಏಟೆಲ್ಕಾಳ ಮುಖ ಬಿಳಿಚಿತು.

"ಅವರು..." ಎಂದಳು. "ಊರು ತುಂಬಾ ಚೆನ್ನಾಗಿದೆ ಅಂತಾರೆ."

"ಅಷ್ಟು ಹೊತ್ತು ಕೂಗಾಡಿದ್ದು ಇಷ್ಟಕ್ಕೇನಾ?" ಜನರ ನಡುವಿನಿಂದ ಶಿಪೋಷ್ ಕೂಗಿದ. "ಮೇಡಂ, ಪೂರ್ತಿ ಹೇಳಿ!"

ಏಟೆಲ್ಕಾ ಬದುಕಿನಲ್ಲಿ ಒಮ್ಮೆಯೂ ತಪ್ಪು ಅನುವಾದ ಮಾಡಿದವಳಲ್ಲ. ಕಣ್ಣುಮುಚ್ಚಿ ಒಂದೇ ಉಸಿರಿಗೆ ಹೇಳಿದಳು:

"ಗೋಲು ಯಾರು ಹೊಡೆದ್ರೋ ನಂಗೆ ನೆನಪಿಲ್ಲ ಅಂತಾರೆ. ನೆನಪಿರೋದು ಒಂದೇ. ಕೊನೇ ನಿಮಿಷ. ನಮಗೆ ಪೆನಾಲ್ಟಿ ಸಿಕ್ತು. ನಾನು ಚೆಂಡಿಟ್ಟು ಓಡಿಬರ್ತಾ ಇದ್ದೆ. ಗೋಲಿನ ಹಿಂದೆ ಒಂದು ಮರ. ಅದರ ಮೇಲೆ ಒಬ್ಬ ಕತ್ತೆ ನಿಂತು ನನ್ನನ್ನ ಬಾಯಿಗೆ ಬಂದ ಹಾಗೆ ಬೈತಾ ಇದ್ದ. ಇದ್ದಕ್ಕಿದ್ದ ಹಾಗೆ ಕೊಂಬೆ ಸಮೇತ ಧೊಪ್ ಅಂತ ಬಿದ್ದ. ಆಲೂಗಡ್ಡೆ ಮೂಟೆ ಬಿದ್ದ ಹಾಗೆ. ನಂಗೆ ನಗು ತಡೀಲಿಲ್ಲ, ಚೆಂಡು ಮೋಡಕ್ಕೆ ಹೋಯ್ತು. ನಾವು ಸೋತ್ವಿ. ಆ ವರ್ಷ ಮಿಟ್ರೊಪಾದಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದೋನು ನೋವಿ ಸಾದ್‌ನ ಗ್ರುಬಾಚ್. ನಾನು ಎರಡನೆಯವನು. ಒಂದೇ ಒಂದು ಗೋಲಿಂದ! ಆ ಮರದ ಮನುಷ್ಯನ್ನ ಅವತ್ತಿಂದ ಹುಡುಕ್ತಾ ಇದೀನಿ. ಸಿಕ್ಕಿದ್ರೆ ಕತ್ತು ಹಿಸುಕ್ತೀನಿ."

ಬ್ಯಾಂಡಿನವನ ಕೈಯಲ್ಲಿದ್ದ ತಾಳವೊಂದು ಜಾರಿ ಝಣ್ಣೆಂದಿತು.

ಮುದುಕ ಈಗ ದೆಜೊನ ಕಡೆ ತಿರುಗಿ ಸೌಜನ್ಯದಿಂದ ಏನೋ ಕೇಳಿದ. "ನೀವು ಆ ದಿನ ಎಡಗಡೆ ಆಡಿದ್ರಾ, ಬಲಗಡೆನಾ ಅಂತ ಕೇಳ್ತಿದಾರೆ," ಎಂದಳು ಏಟೆಲ್ಕಾ.

ದೆಜೊ ಎದ್ದು ನಿಂತ. ಮೇಯರರ ಮೀಸೆ ಕಂಡಿತು. ಮೈದಾನದ ಅಂಚಿನಲ್ಲಿ ಚೆಂಡು ಹಿಡಿದು ಕಾಯುತ್ತಿದ್ದ ಊರಿನ ಮಕ್ಕಳು ಕಂಡರು. ಒಂದು ಸುಳ್ಳು ಹೇಳಿದರೆ ಮೈದಾನ ಉಳಿಯುತ್ತಿತ್ತು, ಅವನ ಕತ್ತೂ ಉಳಿಯುತ್ತಿತ್ತು. ಮೊದಲ ಸಾಲಿನಲ್ಲಿ ಪಿರೋಷ್ಕಾ ಕೂತಿದ್ದಳು. ಹೇಳಿಬಿಡಿ ಎಂಬಂತೆ ತಲೆಯಾಡಿಸಿದಳು.

"ಎಡಗಡೆನೂ ಅಲ್ಲ, ಬಲಗಡೆನೂ ಅಲ್ಲ," ಎಂದ ದೆಜೊ. "ನಾನು ಮೇಲ್ಗಡೆ ಇದ್ದೆ. ಆ ಕತ್ತೆ ನಾನೇ."

ಏಟೆಲ್ಕಾ ಅದನ್ನೂ ತಪ್ಪಿಲ್ಲದೆ ಅನುವಾದಿಸಿದಳು.

ಹಾಸ್ಲಿಂಗರ್ ಕೋಲು ಬಿಸಾಡಿದ. ಎರಡೂ ಕೈ ಮುಂದೆ ಚಾಚಿ ದೆಜೊನ ಕಡೆ ನಡೆದ. ಕೈಗಳು ಕತ್ತಿಗೆ ಬಂದವು. ಗಲಾಂಬೊಷ್ ಅಡ್ಡಬರಲು ವೇದಿಕೆ ಹತ್ತಿದ. ಅಷ್ಟರಲ್ಲಿ ಮುದುಕನ ಹೆಗಲುಗಳು ಕುಲುಕಲಾರಂಭಿಸಿದವು. ಅಂದು ಅರ್ಧಕ್ಕೆ ನಿಂತಿದ್ದ ನಗು ಇಂದು ಪೂರ್ತಿಯಾಗಿ ಹೊರಬಂತು. ನಗುತ್ತ ನಗುತ್ತ ದೆಜೊನ ಎರಡೂ ಕೆನ್ನೆಗೆ ಮುತ್ತಿಟ್ಟ, ಕಣ್ಣೀರನ್ನು ದೆಜೊನ ಕೋಟಿಗೆ ಒರೆಸಿಕೊಂಡ.

ಆದರೆ ಊರು ನಗಲಿಲ್ಲ. ಊರು ಮೇಯರರ ಮುಖ ನೋಡುತ್ತಿತ್ತು. ಮೇಯರರ ಮುಖ ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು, ಆಮೇಲೆ, ಬಹುಕಾಲದ ರಾಜಕೀಯ ಅನುಭವ ಕೈಹಿಡಿದು, ಸೂರ್ಯನಂತೆ ಬೆಳಗಿತು. ಮೈಕು ಕಸಿದುಕೊಂಡರು.

"ಮಹಾಜನರೇ! ಕೇಳಿಸ್ಕೊಂಡ್ರಾ? ಆ ಪೆನಾಲ್ಟಿ ತಪ್ಪಿಸಿದ್ದು ಯಾರು? ಗೋಲ್‌ಕೀಪರಾ? ಅಲ್ಲ! ನಮ್ಮ ದೆಜೊ! ಬೇರೆಯವರು ಕಾಲಲ್ಲಿ ಆಡಿದ್ರು, ನಮ್ಮ ದೆಜೊ ಮೈಯೆಲ್ಲಾ ಒಡ್ಡಿ ಆಡಿದ! ಆ ಪಂದ್ಯ ಗೆದ್ದುಕೊಟ್ಟೋನು ಇವನೇ ಅಂತ ನಾನು ಮೊದಲಿಂದ್ಲೂ ಹೇಳ್ತಾ ಬಂದಿಲ್ವಾ?"

ಹೇಳಿದ್ದರು ಎಂದು ಊರಿಗೆ ನೆನಪಾಯಿತು. ಚಪ್ಪಾಳೆ ಗುಡುಗಿತು. "ಗೊತ್ತಿತ್ತು ನಂಗೆ! ನಡಿಗೆ ನೋಡಿದ್ರೇ ಮರದಿಂದ ಬಿದ್ದೋನು ಅಂತ ಗೊತ್ತಾಗಲ್ವಾ?" ಎಂದು ಗಲಾಂಬೊಷ್ ಸುತ್ತಲಿದ್ದವರಿಗೆಲ್ಲ ಹೇಳುತ್ತಿದ್ದ.

ಹಾಸ್ಲಿಂಗರ್ ಬಿಸಾಡಿದ ಕೋಲನ್ನು ಎತ್ತಿಕೊಂಡು ವೇದಿಕೆ ಕುಟ್ಟಿದ. ಏಟೆಲ್ಕಾ ಎದ್ದಳು. "ಕ್ಷಮಿಸಿದೀನಿ, ಆದ್ರೆ ಬಾಕಿ ಬಿಟ್ಟಿಲ್ಲ ಅಂತಾರೆ. ಆ ಪೆನಾಲ್ಟಿ ಮತ್ತೆ ಒದೀಬೇಕಂತೆ. ಈಗಲೇ. ಗೋಲಲ್ಲಿ ಇವನೇ ನಿಲ್ಲಬೇಕಂತೆ. ಕೆಳಗೆ."

ದೆಜೊನನ್ನು ಮದುವೆಯ ಕೋಟಿನಲ್ಲೇ ಗೋಲಿನ ಕಂಬಗಳ ನಡುವೆ ನಿಲ್ಲಿಸಿದರು. ಮುದುಕ ಚೆಂಡನ್ನು ಇಟ್ಟ, ತೆಗೆದು ಒರೆಸಿದ, ಮತ್ತೆ ಇಟ್ಟ. ಊರು ಉಸಿರು ಬಿಗಿಹಿಡಿಯಿತು. ಯಾರೂ ಕೆಮ್ಮಬಾರದು, ಯಾರೂ ಎಲ್ಲಿಂದಲೂ ಬೀಳಬಾರದು. ಮುದುಕ ಹಿಂದೆ ಸರಿದ. ಆಗ ಆ ನಿಶ್ಶಬ್ದದಲ್ಲಿ ಜಿಲ್ಲಾ ಅಧಿಕಾರಿಯ ಮೂಗು ನಿಧಾನವಾಗಿ ಆಕಾಶದ ಕಡೆ ಏಳತೊಡಗಿತು. "ಆ... ಆ..."

ಗಲಾಂಬೊಷ್ ಹಿಂದಿನಿಂದ ಹಾರಿ, ಹಂದಿಯ ತೊಡೆ ಹಿಡಿದು ಅಭ್ಯಾಸವಾದ ತನ್ನ ಅಂಗೈಯಿಂದ ಸರಕಾರದ ಮೂಗನ್ನೂ ಬಾಯನ್ನೂ ಒಟ್ಟಿಗೆ ಮುಚ್ಚಿದ. ಸೀನು ಅಧಿಕಾರಿಯ ಒಳಗೇ ಸಿಡಿದು ಕಿವಿಗಳನ್ನು ಅಲ್ಲಾಡಿಸಿತು.

ಮುದುಕ ಒದ್ದ. ಚೆಂಡು ಹೊರಟಿತು. ವೇಗವಾಗೇನೂ ಅಲ್ಲ, ಪೇಟೆಗೆ ಹೊರಟವರ ಹಾಗೆ ಹೊರಟಿತು. ದೆಜೊ ಅದನ್ನು ನೋಡಿದ. ಕಾಲು ಚಾಚಿದರೆ ನಿಲ್ಲುತ್ತಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಮೈದಾನದೊಳಗೆ ನಿಂತವನಿಗೆ ಕಾಲು ಚಾಚಿದರೆ ಸಾಕೆಂದು ಎಲ್ಲಿ ಹೊಳೆಯಬೇಕು? ಅವನು ಹಾರಿದ. ಕೋಟು ಬೀಸಿ, ಕೈಚಾಚಿ, ಸಮಸ್ತ ಶಕ್ತಿಯಿಂದ, ಸುಂದರವಾಗಿ, ಚೆಂಡು ಬರುತ್ತಿದ್ದ ಕಡೆ ಬಿಟ್ಟು ಇನ್ನೊಂದು ಕಡೆ ಹಾರಿದ.

ಗೋಲು!

ತಮ್ಮೂರಿನ ಮೇಲೆ ಗೋಲಾಯಿತೆಂದು ತಾರ್ನಾಬಾನ್ಯ ಅಷ್ಟು ಕುಣಿದದ್ದು ಹಿಂದೆಂದೂ ಇರಲಿಲ್ಲ. ಮುದುಕ ಕೋಲು ಮರೆತು ಮೈದಾನದ ಮೂಲೆಯವರೆಗೆ ಓಡಿದ. ಮೇಯರರು ತಮಗಿದ್ದ ಅಧಿಕಾರವನ್ನೂ ಇಲ್ಲದಿದ್ದ ಅಧಿಕಾರವನ್ನೂ ಸೇರಿಸಿ ಘೋಷಿಸಿದರು: "ಈ ಗೋಲನ್ನ ಮಿಟ್ರೊಪಾ ಕಪ್ಪಿನ ಲೆಕ್ಕಕ್ಕೆ ಸೇರಿಸಲಾಗಿದೆ! ಹಾಸ್ಲಿಂಗರ್ ಇವತ್ತಿಂದ ಜಂಟಿ ಅಗ್ರ ಗೋಲುವೀರರು! ಆಕ್ಷೇಪಣೆ ಇದ್ದೋರು ಮಿಟ್ರೊಪಾ ಕಪ್ಪಿನ ಕಚೇರಿಗೆ ಹೋಗಿ ದೂರು ಕೊಡಿ!" ಅಂಥದೊಂದು ಕಚೇರಿ ಭೂಮಿಯ ಮೇಲೆ ಎಲ್ಲೂ ಉಳಿದಿರಲಿಲ್ಲವಾಗಿ ಆಕ್ಷೇಪಣೆ ಬರಲಿಲ್ಲ.

ಜಿಲ್ಲಾ ಅಧಿಕಾರಿ ಕಿವಿ ಉಜ್ಜಿಕೊಳ್ಳುತ್ತ ಕೇಳಿದ, "ಆ ಮರ ಯಾವುದು?"

ಗೋಡೆಯಾಚೆ ಅದು ಇನ್ನೂ ಇತ್ತು, ಹಿಂದಿಗಿಂತ ದಪ್ಪವಾಗಿ.

"ಮೈದಾನ ಉಳಿಸೋ ಅಧಿಕಾರ ನಂಗಿಲ್ಲ," ಎಂದ ಅಧಿಕಾರಿ. "ಆದ್ರೆ ಮರ ಉಳಿಸೋ ಅಧಿಕಾರ ಇದೆ. ಹಳೇ ಮರ, ಜೊತೆಗೆ ಇತಿಹಾಸ ಬೇರೆ. ಬೇರಿನ ಆಸುಪಾಸಲ್ಲಿ ಡಾಂಬರು ಹಾಕೋ ಹಾಗಿಲ್ಲ. ಬೇರು ಎಲ್ಲೀವರೆಗೆ ಹೋಗಿರುತ್ತೆ?"

"ಆ ಕಡೆ ಗೋಲಿನವರೆಗೆ!" ಎಂದು ಇಡೀ ಊರು ಒಟ್ಟಿಗೆ ಕೂಗಿತು. ಸರಕಾರ ಅದನ್ನು ಬರೆದುಕೊಂಡು, ಈಗ ಅಡ್ಡಿಯಿಲ್ಲದೆ, ಮನಸಾರೆ ಸೀನಿತು.

ಊಟ ದೆಜೊನ ಮನೆಯಲ್ಲಿ. ಮೀನಿನ ಸಾರಿನ ದೊಡ್ಡ ಕಡಾಯಿ ಅಂಗಳದಲ್ಲಿ ಕುದಿಯುತ್ತಿತ್ತು. ಏಟೆಲ್ಕಾ ಟೋಪಿ ತೆಗೆದಿಟ್ಟು ಮೆಣಸಿನಪುಡಿ ಹಾಕುತ್ತಿದ್ದಳು. "ದೆಜೊ, ವಾಪಸ್ ತಗೊಂಡಿದ್ದನ್ನ ಮತ್ತೆ ಕೊಟ್ಟಿದೀನಿ," ಎಂದಳು. "ಆದ್ರೆ ಅರ್ಧ ಮಾತ್ರ."

ಎರಡನೆಯ ಲೋಟ ಪಾಲಿಂಕಾ ಇಳಿದ ಮೇಲೆ ಹಾಸ್ಲಿಂಗರ್ ಫೋನು ಕೇಳಿದ. ದೆಜೊ ಅದನ್ನು ತಂತಿ ಸಮೇತ ಕಿಟಕಿಯಿಂದ ಅಂಗಳಕ್ಕೆ ಎಳೆದು ಕೊಟ್ಟ. ಮುದುಕ ನಂಬರು ತಿರುಗಿಸಿ, ಎದೆ ಸೆಟೆಸಿ, ಫೋನಿನೊಳಗೆ ಒಂದೇ ವಾಕ್ಯ ಹೇಳಿದ. ಆಚೆಯಿಂದ ಬಂದ ಕೂಗು ಅಂಗಳದವರಿಗೆಲ್ಲ ಕೇಳಿಸಿತು. ಬೆಕ್ಕು ಗೋಡೆ ಹಾರಿ ಓಡಿತು.

"ಯಾರಿಗೆ ಫೋನು? ಏನಂತೆ?" ಎಂದ ಮೇಯರ್, ಬಾಯ್ತುಂಬ ಮೀನು ಇಟ್ಟುಕೊಂಡು.

ಏಟೆಲ್ಕಾ ಕಿವಿಗೊಟ್ಟು ಕೇಳಿ ಹೇಳಿದಳು: "ನೋವಿ ಸಾದ್‌ನ ಗ್ರುಬಾಚ್. ನಾನೂ ನೀನೂ ಈಗ ಸಮ ಅಂದ್ರು ಇವರು. ಆಗೋ ಮಾತೇ ಇಲ್ಲ ಅಂತಿದಾರೆ ಅವರು. ನಂಗೂ ಒಂದು ಪೆನಾಲ್ಟಿ ಬಾಕಿ ಇದೆ, ನಾಳೆ ಬೆಳಗಿನ ಬಸ್ಸಿಗೆ ಬರ್ತೀನಿ, ಗೋಲಲ್ಲಿ ಆ ಮನುಷ್ಯನನ್ನೇ ನಿಲ್ಲಿಸಿ ಅಂತಿದಾರೆ."

ಎಲ್ಲರೂ ದೆಜೊನ ಕಡೆ ತಿರುಗಿದರು. ದೆಜೊ ಹೆಂಡತಿಯ ಕಡೆ ತಿರುಗಿದ. ಪಿರೋಷ್ಕಾ ಅವನ ಕೋಟಿನ ಮೊಣಕೈಗೆ ಮೆತ್ತಿದ್ದ ಹುಲ್ಲಿನ ಹಸಿರು ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಬರ್ಲಿ," ಎಂದಳು. "ಆದ್ರೆ ನಾಳೆ ಹಳೇ ಅಂಗಿ ಹಾಕ್ಕೊಂಡು ಹಾರ್ರಿ."